ಕೈಗೆ ಕೊಡದ ಗಾಳ

೩ ಜೂನ್ ೨೦೨೪, ಬೆಳಿಗ್ಗೆ ೧೧

ಅಂಗಡಿ ತೆರೆದೆ. ವಿಭೂತಿ ಧರಿಸಿ, ಗಾಳ ಚುಚ್ಚಿದ ಬೆಂಡುಗಳನ್ನು ಸಾಲಾಗಿ ಜೋಡಿಸಿದೆ. ಮಂಡಿ ನೋವು ಯಥಾಪ್ರಕಾರ. ಗಿರಾಕಿ ಒಬ್ಬನೂ ಇಲ್ಲ.

ಮೀನುಗಾರರ ಸಂಘದ ಕಾರ್ಯದರ್ಶಿ ಮಹೇಶ್‌ಕುಮಾರ್ ಬಂದಿದ್ದ. ಸ್ಮರಣ ಸಂಚಿಕೆಗೆ ಕೃಷ್ಣರಾಜನಗರದ ಗಾಳ-ದಾರದ ವ್ಯಾಪಾರದ ಇತಿಹಾಸ ಬೇಕಂತೆ.

"ನಿಮ್ಮನ್ ಬುಟ್ರೆ ಇನ್ಯಾರ್ ಬರೀತಾರೆ ಯಜಮಾನ್ರೇ? ಅರ್ಜಿ ಥರ ಮಾತ್ರ ಬರೀಬ್ಯಾಡಿ. ಜನ ಓದ್ಬೇಕು ಕಣ್ರೀ."

ಚುಚ್ಚಿತು. ಯೌವನದಲ್ಲಿ ತಾಲ್ಲೂಕು ಕಚೇರಿಯ ಮುಂದೆ ಹತ್ತು ವರ್ಷ ಅರ್ಜಿಗಳ ನಕಲು ತೆಗೆದ ಕೈ ಇದು. ಬೇರೆ ಬಗೆಯ ಬರಹ ಬಾರದು. ಬೇಕೂ ಇಲ್ಲ.

೫ ಜೂನ್

ಬರೆದು ಮುಗಿಸಿದ ಭಾಗ:

"ಆದಿಯಲ್ಲಿ ಹತ್ತಿಯ ಹುರಿ. ತರುವಾಯ ನೈಲಾನ್ ದಾರವಾದ ತಂಗೂಸಿ ಬಂದಿತು. ನುಣುಪಾದ ತಂಗೂಸಿಯಲ್ಲಿ ಹಳೆಯ ಗಂಟು ನಿಲ್ಲದೆ, ಗಾಳ ಜಾರಿ ಮೀನು ತಪ್ಪಿಹೋಗುತ್ತಿದ್ದ ೧೯೭೨ನೆಯ ಇಸವಿಯಲ್ಲಿ, ನಮ್ಮ ತೀರ್ಥರೂಪರಾದ ಕಂಠಪ್ಪನವರು ಏಳು ಸುತ್ತಿನ ಕಟ್ಟನ್ನು ಬಳಕೆಗೆ ತಂದರು. ಸದರಿ ಕಟ್ಟು ಚುಂಚನಕಟ್ಟೆಯಿಂದ ಕೋಟೆ ತಾಲ್ಲೂಕಿನವರೆಗೆ 'ಕಂಠಪ್ಪನ ಕಟ್ಟು' ಎಂದೇ ಪ್ರಸಿದ್ಧ. ಗಾಳವನ್ನು ಕೈಯಿಂದ ಕೈಗೆ ನೀಡದೆ, ಬೆಂಡಿಗೆ ಚುಚ್ಚಿ ಗಿರಾಕಿಯ ಮುಂದಿಡುವುದು ಅವರು ಹಾಕಿಕೊಟ್ಟ ಶಿಸ್ತು. ಚೂಪಾದ ವಸ್ತು ಕೈಬದಲಾದರೆ ವಿರಸವೆಂದು ಬಲ್ಲವರು ಹೇಳುತ್ತಾರೆ."

ತೃಪ್ತಿ. ಮೀನು ತಿನ್ನದ ಮನೆತನ ನಮ್ಮದು... ಆದರೂ ಹೊಳೆಯ ಮೀನುಗಾರರು ನಮ್ಮ ಹೆಸರು ಹೇಳಿ ಗಾಳ ಕೇಳುತ್ತಾರೆ.

೬ ಜೂನ್, ಸಂಜೆ

ಪುಟ್ಟಸಿದ್ದಮ್ಮ ಬಂದಳು. ಐವತ್ತೆರಡು ವರ್ಷಗಳಿಂದ ನಮ್ಮ ಹಿತ್ತಲ ಜಗಲಿಯಲ್ಲಿ ಕುಳಿತು ಗಾಳ ಕಟ್ಟುವವಳು. ಕಣ್ಣಿಗೆ ಪೊರೆ. ಬೆರಳು ಇನ್ನೂ ತಪ್ಪಿಲ್ಲ. ಬರೆದದ್ದನ್ನು ಓದಿ ಹೇಳಿದೆ. ನಕ್ಕಳು.

"ಕಂಠಪ್ನೋರು ಕಟ್ಟುದ್ರಾ? ಅಯ್ ಬುದ್ದಿ, ಅವ್ರಿಗೆ ಪಂಚೆ ಗಂಟೇ ನಿಲ್ತಿರ್ನಿಲ್ಲ!"

"ಮತ್ತೆ ಯಾರು?"

"ನಾನು ಕಣ್ರಪ್ಪ. ನೀವಾಗ ಕಚೇರಿ ತಾವ ಇದ್ರಿ. ತಂಗೂಸಿ ಬಾಯ್ಗಾಕಿ ನೆನೆಸ್ಬುಟ್ಟು ಎಳ್ದೆ. ಒಣಗಂಟು ಜಾರ್ತದೆ, ಎಂಜ್ಲುಗಂಟು ನಿಲ್ತದೆ. ಎಲ್ಡ್ ಕೈಯೂ ಗಂಟಲ್ಲಿರ್ತವೆ, ನೀರ್ಗೆ ಮೂರ್ನೇ ಕೈ ಎಲ್ಲಿಂದ ತರ್ಲಿ? ನಿಮ್ಮಪ್ಪಾರು ನೋಡುದ್ರು. 'ಇತ್ಲಲ್ಲಿ ಕೂತ್ಕಂಡು ಕಟ್ಟು, ಯಾರ್ಗೂ ಏಳ್ಬ್ಯಾಡ' ಅಂದ್ರು. ನನ್ನೆಂಜ್ಲು ಅವ್ರ್ ಕೈಗೆ ತಾಕ್ಬಾರ್ದು ಅಂತ ನನ್ ಕೈಲೇ ಬೆಂಡ್ಗೆ ಚುಚ್ಸೋರು. ಸಿಸ್ತಂತೆ, ಸಿಸ್ತು!"

ಆಮೇಲೆ ತಗ್ಗಿದ ದನಿಯಲ್ಲಿ—

"ಪುಸ್ತಕ್ದಲ್ಲಿ ನನ್ನೆಸ್ರೂ ಒಂದ್ ಕಡೆ ಹಾಕುಸ್ತೀರಾ?"

ಹಾಳೆ ಮಡಚಿ ಒಳಗಿಟ್ಟೆ. ನನಗೆ ದಣಿವು ಎಂದುಕೊಂಡೆ.

೧೪ ಜೂನ್

ಎಂಟು ದಿನ ಏನೂ ಬರೆಯಲಿಲ್ಲ. ಮಹೇಶ್ ಎರಡು ಸಲ ಫೋನ್ ಮಾಡಿದ, ಎತ್ತಲಿಲ್ಲ. ಇಂದು ಆಳಿನ ಕೈಲಿ ಹೇಳಿಕಳಿಸಿದ್ದಾನೆ, ನಾಳೆ ಪ್ರೆಸ್ಸಿಗೆ ಕೊಡಲೇಬೇಕಂತೆ.

ಮಧ್ಯಾಹ್ನ ಬಾಗಿಲು ಹಾಕಿ ತಂಗೂಸಿ ಹಿಡಿದು ಕುಳಿತೆ. ಇಷ್ಟು ವರ್ಷ ಮಾರಿದವನು, ಕಟ್ಟಿದವನಲ್ಲ. ಏಳು ಸುತ್ತು ಸುತ್ತಿ ಎಳೆದೆ. ಜಾರಿತು. ಮತ್ತೆ ಎಳೆದೆ. ಜಾರಿತು. ನೀರಿನ ಲೋಟ ಪಕ್ಕದಲ್ಲೇ ಇತ್ತು. ಮೂರನೆಯ ಕೈ ನನಗೂ ಇರಲಿಲ್ಲ.

ಬಾಯಿಗೆ ಹಾಕಿಕೊಂಡೆ. ನಿಂತಿತು.

೧೫ ಜೂನ್, ಸಂಜೆ ೪

ತಿದ್ದಿದ ಪ್ರತಿ ಕೊಟ್ಟೆ: "ಸದರಿ ಕಟ್ಟನ್ನು ಕಂಡುಹಿಡಿದವರು ಶ್ರೀಮತಿ ಪುಟ್ಟಸಿದ್ದಮ್ಮನವರು. ಗಾಳವನ್ನು ಕೈಗೆ ನೀಡದಿದ್ದುದು ಶಿಸ್ತಿನಿಂದಲ್ಲ. ಅವರ ಎಂಜಲಿನ ಅಂಜಿಕೆಯಿಂದ."

ಮಹೇಶ್ ಎರಡು ಸಲ ಓದಿದ. "ಎಸ್ರು ಸರಿ ಬುಡಿ. ಎಂಜ್ಲು ವಿಸ್ಯ ಯಾಕೆ? ನಿಮ್ಮಪ್ಪಾರ ಮರ್ವಾದೆ..."

"ಒಂದಕ್ಷರವೂ ಬಿಡಕೂಡದು" ಎಂದೆ. ಕೊಂಡೊಯ್ದ.

ಆಮೇಲೆ ಪುಟ್ಟಸಿದ್ದಮ್ಮನವರು ಬಂದರು. ಓದಿ ಹೇಳಿದೆ. ಸೆರಗಿನಿಂದ ಕಣ್ಣೊರೆಸಿಕೊಂಡರು... ಪೊರೆಯಿಂದಲೋ ಏನೋ. ನಿನ್ನೆ ನಾನು ಕಟ್ಟಿದ ಗಾಳವನ್ನು ಅವರತ್ತ ಚಾಚಿದೆ. ಬೆಂಡಿಲ್ಲದೆ, ಬರಿಯ ಅಂಗೈ ಮೇಲೆ.

ಅವರ ಕೈ ಏಳಲಿಲ್ಲ.

"ಅಲ್ಲೇ ಮಡಗಿ ಬುದ್ದಿ. ನಾನೇ ಎತ್ಕತೀನಿ."

ಇಡಲಿಲ್ಲ. ಕೈ ಹಾಗೆಯೇ ಚಾಚಿಕೊಂಡು ನಿಂತೆ.