ಕಾಲು ತೆಗೆದರೆ ಬಂದ್ ಆಗುವ ಕಾರು

ಜೂನ್ 3
ಇವತ್ತೂ ಅದೇ. ಪೆದ್ದೆಮುಲ್ ಆರೋಗ್ಯ ಸಬ್‌ಸೆಂಟರಿಗೆ ನರ್ಸ್ ಡ್ಯೂಟಿಗೆ ಹೊರಟೆ. ತಾಂಡೂರು ಬಸ್‌ಸ್ಟ್ಯಾಂಡ್ ಹತ್ತಿರ ಆಕ್ಸಿಲರೇಟರಿನಿಂದ ಕಾಲು ತೆಗೆದೆ — ಎಂಜಿನ್ ಬಂದ್. ಹಿಂದೆ ಸಿಮೆಂಟ್ ಲಾರಿಗಳ ಹಾರ್ನ್. ಇಪ್ಪತ್ತಾರು ವರ್ಷದ ಕಾರು, ನನ್ನ ಸಂಬಳದಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡದ್ದು.
ಸಂಜೆ ಗಂಡ ಜೈಪಾಲ ನಕ್ಕ. "ಮಾರಿ ಬಿಡು. ನರ್ಸಮ್ಮಗ ಕಾರ್ ಯಾಕ ಬೇಕು?"
ಆ ನಗು ನೋಡಿದರೇ ಅಸಹ್ಯ.

ಜೂನ್ 5
ಮೆಕ್ಯಾನಿಕ್ ಮಾಣಿಕ ಕಾರ್ಬುರೇಟರ್ ಬಿಚ್ಚಿ ತೊಳೆದ. ಕಾಲು ತೆಗೆದಾಗಲೂ ಎಂಜಿನ್ ಓಡುತ್ತಿರಲೆಂದು ಐಡ್ಲಿಂಗ್ ಸ್ಕ್ರೂ ತಿರುಗಿಸಿದ. "ಈಗ ಕೇಳ್ರಿ ಸಿಸ್ಟರ್, ಹೆಂಗ ಅದ ಆವಾಜ್!" ಮನೆವರೆಗೂ ನಿಲ್ಲಲಿಲ್ಲ.

ಜೂನ್ 6
ಬೆಳಿಗ್ಗೆ ಮತ್ತೆ ಬಂದ್. ಮಾಣಿಕನನ್ನು ಬಾಯಿಗೆ ಬಂದಂತೆ ಬೈದೆ. ಪ್ಲಗ್ ಬದಲಿಸಿದ, ಪೈಪುಗಳಿಗೆ ಹೊಸ ಕ್ಲಿಪ್ ಹಾಕಿದ.

ಜೂನ್ 14
ಒಂದು ವಾರ ಡೈರಿ ಮುಟ್ಟಲಿಲ್ಲ.
ಏಳನೇ ತಾರೀಖು, ನನ್ನ ಜತೆಗೇ ಇರುವ ಅವ್ವನನ್ನು ಜಹೀರಾಬಾದಿಗೆ ಕಣ್ಣು ತೋರಿಸಲು ಕರೆದೊಯ್ಯುತ್ತಿದ್ದೆ. ರೈಲ್ವೆ ಗೇಟಿನಲ್ಲಿ ಮುಂದಿನ ಟ್ರ್ಯಾಕ್ಟರ್ ನಿಧಾನಿಸಿತು. ಕಾಲು ತೆಗೆದೆ... ಹಳಿಯ ಮೇಲೇ ಬಂದ್. ಗೇಟಿನ ಗಂಟೆ ಶುರುವಾಯಿತು. "ಏನಾತು ಧಮ್ಮಾ? ಯಾಕ ನಿಂತಿ?" ಅವ್ವ ನನ್ನ ಹೆಸರು ಹಿಡಿದು ಕೇಳಿದಳು; ಅವಳಿಗೆ ಸರಿಯಾಗಿ ಕಾಣುವುದಿಲ್ಲ. ಯಾರೋ ನಾಲ್ವರು ಓಡಿ ಬಂದು ಕಾರನ್ನು ಹಳಿಯಾಚೆ ತಳ್ಳಿದರು.
ಅವತ್ತಿನಿಂದ ಅವ್ವ ಕಾರಿನ ಹತ್ತಿರವೂ ಬರುತ್ತಿಲ್ಲ.

ಜೂನ್ 15
ಮಾಣಿಕ ಬಾನೆಟ್ ಎತ್ತಿ ಕಿವಿಗೊಟ್ಟ. ಬುಸ್ ಎನ್ನುವ ಸದ್ದು. ಎಂಜಿನ್ ಹಿಂದಿನ ಸಣ್ಣ ರಬ್ಬರ್ ಪೈಪು ಅರ್ಧ ಕಳಚಿತ್ತು.
"ಇಲ್ಲಿಂದ ಗಾಳಿ ಎಳೀತದರಿ. ಅದಕ್ಕೇ ಬಂದ್ ಆಗ್ತದ."
"ಮೊದಲೇ ಯಾಕ ನೋಡಲಿಲ್ಲ?"
ತಲೆ ತಗ್ಗಿಸಿದ. "ಹೋದ ಸಲ ನಾನೇ ಕ್ಲಿಪ್ ಬಿಗಿದೀನ್ರಿ. ತಾನಾಗೇ ಬಿಚ್ಚೂದಲ್ಲ ಅದು. ಯಾರೋ ಕೈ ಹಚ್ಯಾರ, ಸಿಸ್ಟರ್."
ಬಾನೆಟ್ ತೆಗೆಯುವ ಲಿವರ್ ಕಾರಿನೊಳಗಿದೆ, ಬಾಗಿಲಿಗೆ ಕೀ ಬೇಕು. ಇನ್ನೊಂದು ಕೀ ಜೈಪಾಲನ ಬಳಿ.

ಜೂನ್ 16, ಬೆಳಿಗ್ಗೆ 7
ಜೈಪಾಲನನ್ನು ಕೇಳಿದೆ. ಹಲ್ಲುಜ್ಜುತ್ತಿದ್ದವನು ಉಗುಳಿ, ತಣ್ಣಗೆ ಹೇಳಿದ. "ಹೌದು, ಆ ಪೈಪ್ ನಾನೇ ತೆಗೀತಿದ್ದೆ. ಒಬ್ಬಾಕಿನೇ ಊರೂರು ತಿರಗ್ತಿ, ಮಂದಿ ನನಗ ಕೇಳ್ತಾರ."
"ಹಳಿ ಮ್ಯಾಲ ನಮ್ಮವ್ವ ಇದ್ಲು."
"ಏನೂ ಆಗಿಲ್ಲಲ್ಲ?"
ಮತ್ತೆ ಬಾಯಿ ಮುಕ್ಕಳಿಸಿದ. ಹನ್ನೊಂದು ವರ್ಷ ಈ ಬಾಯಿಯ ಎಂಜಲು ತಟ್ಟೆ ತೊಳೆದೆನಲ್ಲ!

7.40
ಜೈಪಾಲನ ಕೀಯನ್ನೂ ತೆಗೆದುಕೊಂಡೆ. ಅವ್ವನ ಸೀರೆ, ನನ್ನ ಯೂನಿಫಾರ್ಮ್, ಸರ್ಟಿಫಿಕೇಟು ಡಿಕ್ಕಿಯಲ್ಲಿಟ್ಟೆ. ಪೈಪು ಬಿಗಿ ಇದೆ; ಕಾರು ಅಂಗಳದಲ್ಲಿ ಸ್ಟಾರ್ಟಿನಲ್ಲೇ ಇದೆ. ಈ ಮನೆ ಬಿಡುತ್ತಿದ್ದೇವೆಂದು ಅವ್ವನಿಗೆ ಹೇಗೆ ಹೇಳುವುದು, ಹೇಗೆ ಹತ್ತಿಸುವುದು ಎಂದು ಯೋಚಿಸುತ್ತ ಇದನ್ನು ಬರೆಯುತ್ತಿದ್ದೇನೆ.
ಅಂಗಳದಿಂದ ದನಿ — "ಧಮ್ಮಾ, ನಾ ಗಾಡ್ಯಾಗ ಕುಂತೀನಿ. ಎಷ್ಟೊತ್ತು ಬರೀತಿ? ಬಾ."
ಅವ್ವ ತಾನಾಗೇ ಹತ್ತಿ—