ಕಬ್ಬಿಣದ ಡ್ರಮ್ಮಿನ ಹೆಂಡ

ಇದನ್ನು ಬಿಚ್ಚಿ ಓದುತ್ತಿರುವವರೇ, ನಾಚಿಕೆಯಿಲ್ಲವೇ? ಇದು ಸತ್ತ ನನ್ನ ಗಂಡನಿಗೆ ಬರೆದ ಕಾಗದ, ಮಡಿಸಿಡಿ.

ಫುಂಗಾಯಿಯ ಅಪ್ಪಾ, ನಿಮ್ಮ ಹಾಗೇ ನಿಮ್ಮ ಮಗನ ಲಿವರೂ ಕೆಟ್ಟಿದೆ. ಇವತ್ತು ಮಸ್ವಿಂಗೊ ಪೇಟೆಯ ಆಸ್ಪತ್ರೆಯಲ್ಲಿ ನರ್ಸ್ ಹೇಳಿದಳು: "ಡ್ರಮ್ಮಿನ ಕಬ್ಬಿಣ ಹೆಂಡಕ್ಕೆ ಇಳಿಯುತ್ತೆ, ಅಜ್ಜಿ. ವರ್ಷಗಟ್ಟಲೆ ಕುಡಿದ್ರೆ ಅದು ಮೈಯಲ್ಲೇ ಕೂತು ಲಿವರ್ ತಿನ್ನುತ್ತೆ."

ಆ ಡ್ರಮ್ಮು ತಂದವರು ನೀವು. "ಮಡಕೆ ಒಡೆಯುತ್ತೆ ಕಣೇ, ಇದು ನಮ್ಮಿಬ್ಬರಿಗಿಂತ ಜಾಸ್ತಿ ಬಾಳುತ್ತೆ" ಅಂದಿರಿ. ಮೂವತ್ತು ವರ್ಷ ಅದರಲ್ಲಿ ರಾಗಿ ಹೆಂಡ ಮಾಡಿ ಅಪ್ಪ ಮಗ ಇಬ್ಬರಿಗೂ ಬಡಿಸಿದ್ದು ಯಾರೆಂದು ನರ್ಸ್ ಕೇಳಲಿಲ್ಲ.

ಬರುವ ತಿಂಗಳು ನಿಮ್ಮ ಆತ್ಮವನ್ನು ಮನೆಗೆ ಕರೆಯುವ ಶಾಸ್ತ್ರಕ್ಕೆ ಹೆಂಡ ಆಗಬೇಕು. "ಅಣ್ಣ ಕನಸಲ್ಲಿ ಬಂದು ಡ್ರಮ್ಮಿನದ್ದೇ ಕೇಳಿದ, ಅತ್ತಿಗೆ" ಅನ್ನುತ್ತಾನೆ ನಿಮ್ಮ ತಮ್ಮ. ನಾನು ಮಡಕೆಯಲ್ಲೇ ಮಾಡುತ್ತೇನೆ, ಫುಂಗಾಯಿಗೆ ಹನಿಯನ್ನೂ ಕೊಡುವುದಿಲ್ಲ. ಮಡಕೆಯದ್ದು ಬೇಡವೆನ್ನುವುದಾದರೆ ತಿಂಗಳು ಹುಟ್ಟುವ ಮೊದಲು ನನ್ನ ಕನಸಿಗೆ ಬಂದು, ನನ್ನ ಮುಖ ನೋಡಿ ಹೇಳಿ.