ಬಾವಿ ಬಿಟ್ಟುಕೊಟ್ಟದ್ದು

ರಾಮಾಪುರ
ಏಪ್ರಿಲ್ ೯, ೧೯೬೬

ನನ್ನ ಯಜಮಾನರಿಗೆ ನಮಸ್ಕಾರಗಳು.

ಕೊಡಗಿನ ಥಂಡಿಗೆ ನಿಮ್ಮ ಕೆಮ್ಮು ಹೆಚ್ಚಿಲ್ಲ ತಾನೆ? ತೋಟದ ರೈಟರ್ ಆದೆನೆಂದು ಕಾಫಿ ಜಾಸ್ತಿ ಕುಡಿಯಬೇಡಿ, ನಿಮಗೆ ಉಷ್ಣ ಆಗಿಬರುವುದಿಲ್ಲ. ಮಗಳು ಚೆನ್ನಾಗಿದ್ದಾಳೆ, ಬಸ್ಸಿನ ಸದ್ದು ಕೇಳಿದರೆ ಈಗಲೂ ಹೊಸಿಲಿಗೆ ಓಡುತ್ತಾಳೆ. ಮಾವನವರೂ ಆರೋಗ್ಯವಾಗಿದ್ದಾರೆ, ಆದರೆ ನನ್ನ ಸಂಗಡ ಮಾತಿಲ್ಲ. ಯಾಕೆಂದು ಇನ್ನಾರ ಬಾಯಿಂದಲೋ ತಿಳಿಯುವುದಕ್ಕಿಂತ ನಾನೇ ಬರೆಯುತ್ತೇನೆ.

ಶಿವರಾತ್ರಿ ಕಳೆಯುತ್ತಲೇ ಊರ ಬಾವಿ ಕೆಸರಾಯಿತು. ನೀರಿದ್ದದ್ದು ನಮ್ಮ ಹೊಲದ ಬಾವಿಯಲ್ಲಿ ಮಾತ್ರ, ಅದೂ ಎತ್ತು ಕಟ್ಟಿ ಕಪಿಲೆ ಹೂಡಿ ಸೇದಿದರೆ ಹಿಪ್ಪುನೇರಳೆಗೆ ಸಾಲುವಷ್ಟು. ಈ ಸಲ ರೇಷ್ಮೆಗೂಡು ಕೈಗೆ ಬಂದರೆ ಮಗನನ್ನು ವಾಪಸು ಕರೆಸಿಕೊಳ್ಳುತ್ತೇನೆಂದು ಮಾವನವರು ಯಾರಿಗೂ ಒಂದು ಬಿಂದಿಗೆ ಕೊಡಲಿಲ್ಲ. ನನಗೂ ಅದೇ ಆಸೆಯಿತ್ತು.

ಯುಗಾದಿಯ ಮಾರನೆ ವಾರ ಅವರು ಗೂಡಿನ ಧಾರಣೆ ವಿಚಾರಿಸಲು ಕೊಳ್ಳೇಗಾಲಕ್ಕೆ ಹೋದರು. ಅಂದೇ ಕಾಫಿ ತೋಟಕ್ಕೆ ಆಳು ಒಯ್ಯುವ ಲಾರಿ ಬಂತು. ನಮ್ಮ ಕಪಿಲೆ ಹೊಡೆಯುವ ಪುಟ್ಟಸಿದ್ದಯ್ಯನೂ ಗಂಟು ಕಟ್ಟಿದ್ದ. ಅವನ ಹೆಂಡತಿ ಬೊಮ್ಮಮ್ಮ ತುಂಬು ಬಸುರಿ. ನಮ್ಮ ಬಾಗಿಲಿಗೆ ಬಂದು ಕೂತು, “ಲಾರಿ ಕುಲುಕಾಟಕ್ಕೆ ದಾರೀಲೇ ಎರಿಗೆ ಆಯ್ತದೆ ಕಣವ್ವಾ. ಇಲ್ಲೇ ಇರಾನ ಅಂದ್ರೆ ಕುಡಿಯಾಕೆ ನೀರಿಲ್ಲ” ಅಂದಳು. ಅವಳು ನೀರು ಕೇಳಲಿಲ್ಲ. ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆನೇನೋ. ನಾನೇ ಎದ್ದು, ಬಿಂದಿಗೆ ತೆಗೆದುಕೊಂಡು ಬಾ ಎಂದೆ. ಒಬ್ಬಳಿಗೆ ಕೊಟ್ಟು ಇನ್ನೊಬ್ಬಳನ್ನು ಹೇಗೆ ತಡೆಯಲಿ? ಊರವರೆಲ್ಲ ಬಂದು ಸೇದಿದರು, ಸಂಜೆಗೆ ಬಾವಿಯ ತಳದ ಬಂಡೆ ಕಂಡಿತು.

ಮಾವನವರು ಬಸ್ಸಿಳಿದು ಬಂದು ಇಣುಕಿ ನೋಡಿ, “ಯಾರ್ನ ಕೇಳಿ ನೀರ್ ಬುಟ್ಟವ್ವಾ?” ಎಂದರು. ಗಾಬರಿಯಲ್ಲಿ, “ನಿಮ್ಮ ಮಗನೇ ಹೋಗುವಾಗ ಹೇಳಿದ್ರು” ಎಂದುಬಿಟ್ಟೆ. ನೀವು ಹಾಗೆ ಹೇಳಿರಲಿಲ್ಲ. ನೀರಿಲ್ಲದೆ ಹಿಪ್ಪುನೇರಳೆ ಸೊಪ್ಪು ಬಾಡಿತು. ಕೊನೆಯ ಸಲ ಪೊರೆ ಬಿಟ್ಟು ಜ್ವರದಿಂದ ಎದ್ದ ರೇಷ್ಮೆಹುಳುಗಳು ಹಸಿದು ತಲೆಯೆತ್ತಿಕೊಂಡೇ ಇದ್ದವು. ತಟ್ಟೆಗಳನ್ನು ಅವರೇ ಹೊತ್ತು ತಿಪ್ಪೆಗೆ ಸುರಿದರು, ನನಗೆ ಮುಟ್ಟಗೊಡಲಿಲ್ಲ. ನೀವು ಈ ವರ್ಷ ಬರುವುದಿಲ್ಲವೆಂದು ಆಗ ನನಗೆ ಅರ್ಥವಾಯಿತು. ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ.

ನೀರು ಕೊಟ್ಟರೂ ಕೂಲಿ ಎಲ್ಲಿದೆ ಎಂದು ಹಲವರು ಲಾರಿ ಹತ್ತಿದರು. ನಿಮ್ಮ ಕಡೆ ಬಂದರೆ ವಿಚಾರಿಸಿಕೊಳ್ಳಿ. ಪುಟ್ಟಸಿದ್ದಯ್ಯ ಉಳಿದ. ಮೊನ್ನೆ ಬೊಮ್ಮಮ್ಮ ಹೆಣ್ಣು ಮಗು ಹೆತ್ತಳು. ಬಾಣಂತಿಗೆ ಬಿಸಿನೀರು ನಮ್ಮ ಬಾವಿಯದೇ.

ರಾತ್ರಿ ಹೊದ್ದುಕೊಂಡು ಮಲಗಿ. ಮಗಳು ನಿಮ್ಮ ಕಾಲಿಗೆ ಬಿದ್ದಳೆಂದು ತಿಳಿಯಿರಿ.

ನಿಮ್ಮ
ಶಿವರತ್ನ

ಟಪಾಲಿನ ಬಸ್ಸು ಬಂದಿದೆ, ಅವಸರದಲ್ಲಿ ಇನ್ನೊಂದು ಮಾತು. ಬಾವಿಯಲ್ಲಿ ಈಗಲೂ ಬೆಳಗಾದರೆ ನಾಲ್ಕಾರು ಬಿಂದಿಗೆ ಜಿನುಗುತ್ತದೆ, ಊರವರು ಅದನ್ನೇ ಒಯ್ಯುತ್ತಾರೆ. ಅದನ್ನೂ ನಿಲ್ಲಿಸಿ ಬೇಲಿ ಹಾಕಬೇಕೆಂದು ಮಾವನವರು ಮುಳ್ಳು ಕಡಿಸಿದ್ದಾರೆ. ನೀರು ಕೊಡಲು ನೀವು ಹೇಳಿದ್ದು ನಿಜವೇ ಎಂದು ಕೇಳಿ ಮೇಷ್ಟರ ಕೈಲಿ ನಿಮಗೆ ಬರೆಸಿದ್ದಾರೆ. ನಿಮ್ಮ ಜವಾಬು ಬರುವವರೆಗೆ ಕಾಯುತ್ತಾರಂತೆ. “ಹೌದು, ನಾನೇ ಹೇಳಿದ್ದು” ಎಂದು ಅವರಿಗೆ ಬರೆಯಿರಿ.